ಹಳೇ ಮಿಲ್ಲು, ಚಿಮಣಿ, ಜಿನ್ನಿಂಗ್ ಫ್ಯಾಕ್ಟರಿ: ಕಲಬುರಗಿ ಸುತ್ತಮುತ್ತ ಫೋಟೊ ತೆಗೆಯುವವರು ಯಾರಾದರೂ ಇದ್ದೀರಾ?

ಬಿಸಿಲನಾಡು (ಕಲಬುರಗಿ)
ಎಲ್ಲರಿಗೂ ನಮಸ್ಕಾರ. ನಮ್ಮ ಊರಲ್ಲಿ ಕೋಟೆ, ದರ್ಗಾ, ಗುಂಬಜ್ ಫೋಟೊಗಳಿಗೆ ಬರ ಇಲ್ಲ. ಹಫ್ತ್ ಗುಂಬಜ್ ಮುಂದೆ ನಿಂತು ಮದುವೆ ಫೋಟೊ ತೆಗೆಸಿಕೊಳ್ಳದ ಜೋಡಿಯೇ ಇಲ್ಲ ಅನಿಸುತ್ತೆ. ನನಗೆ ಹುಚ್ಚು ಹಿಡಿದಿರುವುದು ಹಳೇ ಗಿರಣಿಗಳದ್ದು. ಇಟ್ಟಿಗೆ ಚಿಮಣಿ, ತಗಡಿನ ಶೆಡ್ಡು, ರೈಲ್ವೆ ಗೋದಾಮು, ಬಾಗಿಲು ಮುಚ್ಚಿದ ದಾಲ್ ಮಿಲ್. ಎಂಎಸ್‌ಕೆ ಮಿಲ್ ಅಂತ ಆಟೊದವರಿಗೆ ಹೇಳಿದರೆ ಸೀದಾ ಆ ಏರಿಯಾಕ್ಕೆ ಕರ್ಕೊಂಡು ಹೋಗ್ತಾರೆ, ಆದರೆ ನನ್ನ ವಯಸ್ಸಿನವರಿಗೆ ಅದು ಬಡಾವಣೆ ಹೆಸರು ಅಷ್ಟೇ. ಅಲ್ಲಿ ನೂಲು ತೆಗೀತಿದ್ದರು ಅಂತಲೇ ಗೊತ್ತಿಲ್ಲ.

ನನ್ನ ತೊಂದರೆ ಎರಡು. ಒಂದು, ಚಿಮಣಿ ತೆಗೆದರೆ ಹಿಂದಕ್ಕೆ ಬಿದ್ದ ಹಾಗೆ ಬರುತ್ತೆ. ಇನ್ನೊಂದು, ಎಲ್ಲ ಚಿಮಣಿ ಫೋಟೊನೂ ಒಂದೇ ಥರ ಕಾಣುತ್ತೆ. ಆಕಾಶ, ನಡುವೆ ಒಂದು ಕಂಬ. ಹೇಗೆ ತೆಗೀಬೇಕು ಇವನ್ನ?

ಮೂರುಕಾಲಿ
ಮೊದಲನೆಯದು ಸುಲಭ. ತಪ್ಪು ಲೆನ್ಸಿನದ್ದಲ್ಲ. ಬುಡದಲ್ಲಿ ನಿಂತು ಕ್ಯಾಮೆರಾ ಮೇಲಕ್ಕೆ ಎತ್ತಿದಿರಿ, ಅಷ್ಟಕ್ಕೇ ಗೆರೆಗಳೆಲ್ಲ ಮೇಲೆ ಹೋಗಿ ಕೂಡಿಕೊಳ್ಳುತ್ತವೆ. ಕ್ಯಾಮೆರಾ ನೆಟ್ಟಗೆ ಇದ್ದರೆ ಚಿಮಣಿನೂ ನೆಟ್ಟಗೆ. ಅದಕ್ಕೆ ದೂರ ಹೋಗಬೇಕು. ಚಿಮಣಿ ಎಷ್ಟು ಎತ್ತರವೋ ಅದರ ಐದರಿಂದ ಎಂಟು ಪಟ್ಟು ದೂರ ಹೋಗಿ, ಕ್ಯಾಮೆರಾ ಉದ್ದಕ್ಕೆ ಹಿಡಿದು, 85ರಿಂದ 135 ಎಂಎಂ ಲೆನ್ಸ್ ಹಾಕಿ. ಮೊಬೈಲ್ ಆದರೆ 2ಎಕ್ಸ್ ಅಥವಾ 3ಎಕ್ಸ್. ಪರದೆ ಮೇಲೆ ಚೌಕದ ಗೆರೆ (ಗ್ರಿಡ್) ಆನ್ ಮಾಡಿಟ್ಟುಕೊಳ್ಳಿ.

ಅದಕ್ಕಿಂತ ಒಳ್ಳೆ ಉಪಾಯ ಅಂದರೆ ಮಾಳಿಗೆ. ಎದುರಿನ ಮನೆ ಮಾಳಿಗೆ ಮೇಲಿಂದ ತೆಗೆದರೆ ಕ್ಯಾಮೆರಾ ಎತ್ತುವ ಪ್ರಮೇಯವೇ ಬರಲ್ಲ. "ಅಕ್ಕಾ, ಮಾಳಿಗೆ ಮ್ಯಾಲೆ ಹೋಗಿ ಒಂದ್ ಫೋಟೊ ತಕ್ಕೋಲಾ?" ಅಂತ ಕೇಳಿದರೆ ನಮ್ಮ ಕಡೆ ಯಾರೂ ಬೇಡ ಅನ್ನಲ್ಲ. ಚಹಾ ಕುಡಿದು ಬರಬೇಕಾಗುತ್ತೆ, ಅಷ್ಟೇ.

ಸಾಫ್ಟ್‌ವೇರಲ್ಲಿ ನೆಟ್ಟಗೆ ಮಾಡುವವರಿಗೆ ಒಂದು ಮಾತು. ಇಟ್ಟಿಗೆ ಚಿಮಣಿಯನ್ನು ಕಟ್ಟುವಾಗಲೇ ಬುಡ ಅಗಲ, ತುದಿ ಸಣ್ಣ ಮಾಡಿರ್ತಾರೆ. ಬಹಳ ಜನ ಚಿಮಣಿಯ ಅಂಚನ್ನೇ ಹಿಡಿದು ಲಂಬಕ್ಕೆ ಎಳೆದುಬಿಡ್ತಾರೆ. ಆಗ ತುದಿ ಊದಿಕೊಂಡು ವಿಚಿತ್ರವಾಗಿ ಕಾಣುತ್ತೆ. ಪಕ್ಕದ ಗೋಡೆ ಮೂಲೆ, ಬಾಗಿಲು ಚೌಕಟ್ಟು, ಇಂಥದ್ದನ್ನು ಹಿಡಿದು ಸರಿ ಮಾಡಿ. ಕರೆಂಟ್ ಕಂಬ ನಂಬಬೇಡಿ, ನಮ್ಮ ಊರಲ್ಲಿ ಒಂದೂ ನೆಟ್ಟಗಿಲ್ಲ. 🙂

ಫಿಟ್ಟರ್ ಕಾಕಾ (ವಾಡಿ)
ತಮ್ಮಾ, ನಿನ್ನ ಎರಡನೇ ತೊಂದರೆಗೆ ನಾನು ಹೇಳ್ತೀನಿ. ಎಲ್ಲ ಚಿಮಣಿ ಒಂದೇ ಥರ ಕಾಣೋದು ಯಾಕೆಂದರೆ ನೀನು ಚಿಮಣಿ ಒಂದನ್ನೇ ನೋಡ್ತಿದ್ದಿ. ಬರೀ ಮೂಗಿನ ಫೋಟೊ ತೆಗೆದು ಇವರು ನಮ್ಮ ಅಜ್ಜ ಅಂದರೆ ಯಾರಿಗೆ ಗುರುತು ಸಿಗುತ್ತೆ?

ಚಿಮಣಿ ಅಷ್ಟು ಎತ್ತರ ಕಟ್ಟಿದ್ದು ಹೊಗೆ ಊರ ಮೇಲೆ ಬೀಳಬಾರದು ಅಂತ ಮಾತ್ರ ಅಲ್ಲ. ಮಿಲ್ಲು ಓಡಿಸೋ ಹಬೆಗೆ ಬಾಯ್ಲರ್ ಒಲೆ ಉರಿಯಬೇಕಾದರೆ ಗಾಳಿ ಎಳೀಬೇಕು. ಬಿಸಿ ಗಾಳಿ ಹಗುರ, ಮೇಲಕ್ಕೆ ಹೋಗುತ್ತೆ, ಅದರ ಹಿಂದೆ ಹೊಸ ಗಾಳಿ ಕೆಳಗಿಂದ ಒಲೆಗೆ ನುಗ್ಗುತ್ತೆ. ಚಿಮಣಿ ಉದ್ದ ಆದಷ್ಟೂ ಎಳೆತ ಜಾಸ್ತಿ. ಫ್ಯಾನ್ ಇಲ್ಲದ ಕಾಲದಲ್ಲಿ ಚಿಮಣಿನೇ ಫ್ಯಾನ್. ಬಾಯ್ಲರಿನಿಂದ ಚಿಮಣಿ ಬುಡಕ್ಕೆ ನೆಲದ ಕೆಳಗೆ ಹೊಗೆ ಕಾಲುವೆ ಇರುತ್ತೆ. ಬುಡದಲ್ಲಿ ಮಸಿ ತೆಗೆಯೋಕೆ ಒಂದು ಸಣ್ಣ ಕಬ್ಬಿಣದ ಬಾಗಿಲು. ಅದನ್ನು ಹುಡುಕು. ಬಾಗಿಲು ಯಾವ ಕಡೆ, ಕಾಲುವೆ ಯಾವ ಕಡೆ ಹೋಗಿದೆ ನೋಡಿದರೆ ಬಾಯ್ಲರ್ ಎಲ್ಲಿತ್ತು ಅಂತ ತಿಳಿಯುತ್ತೆ. ಅದರ ಹತ್ತಿರ ನೀರಿನ ಹೌದ ಇದ್ದೇ ಇರಬೇಕು. ಕಲ್ಲಿದ್ದಲು ಸುರಿಯೋ ಜಾಗ ಇರಬೇಕು. ಕಲ್ಲಿದ್ದಲು ಬಂದದ್ದು ರೈಲಿನಲ್ಲಿ, ಹಾಗಾಗಿ ಸೈಡಿಂಗ್ (ಮಿಲ್ಲಿನೊಳಗೆ ಬರೋ ಪಕ್ಕದ ಹಳಿ) ಇತ್ತಾ ನೋಡು. ಇವೆಲ್ಲ ಒಂದು ಫ್ರೇಮಿನಲ್ಲಿ ಅಥವಾ ನಾಲ್ಕು ಫ್ರೇಮಿನಲ್ಲಿ ಬಂದರೆ ಅದು ಮಿಲ್ಲು. ಇಲ್ಲದಿದ್ದರೆ ಸುಮ್ನೆ ಕಂಬ.

ಬಿಸಿಲನಾಡು
ಕಾಕಾ, ಈ ಬಾಗಿಲಿನ ವಿಷಯ ಯಾರೂ ಹೇಳಿರಲಿಲ್ಲ! ಚಿಮಣಿ ಮೈಗೆ ಕಬ್ಬಿಣದ ಪಟ್ಟಿ ಸುತ್ತಿರ್ತಾರಲ್ಲ, ಅದು ಯಾಕೆ?

ಫಿಟ್ಟರ್ ಕಾಕಾ (ವಾಡಿ)
ಒಳಗೆ ಬಿಸಿ, ಹೊರಗೆ ತಣ್ಣಗೆ. ಇಟ್ಟಿಗೆ ಸೀಳು ಬಿಡುತ್ತೆ. ಸೀಳು ಅಗಲ ಆಗದ ಹಾಗೆ ಬಿಗಿದ ಪಟ್ಟಿ ಅದು. ಬೋಲ್ಟ್ ಎಲ್ಲಿದೆ ಅಂತ ಝೂಮ್ ಮಾಡಿ ತೆಗೆ, ತುಕ್ಕಿನ ನೀರು ಇಳಿದ ಗೆರೆ ಸಹಿತ. ತುದಿಯಿಂದ ಬುಡದವರೆಗೆ ಸಿಡಿಲಿಗೆ ಅಂತ ತಾಮ್ರದ ಪಟ್ಟಿ ಇರುತ್ತೆ. ಇರುತ್ತಿತ್ತು ಅನ್ನಬೇಕು. ಕೈಗೆ ಎಟುಕುವಷ್ಟು ಎತ್ತರದ ತನಕ ಕಿತ್ತು ಗುಜರಿಗೆ ಹಾಕಿರ್ತಾರೆ, ಅಲ್ಲಿಂದ ಮೇಲೆ ಹಾಗೇ ಇರುತ್ತೆ. ತುದಿಯಲ್ಲಿ ಅರಳಿ ಗಿಡ ಬಂದಿದ್ದರೆ ಅದರ ಬೇರು ಗಚ್ಚಿನೊಳಗೆ ಇಳಿದಿದೆ ಅಂತ ಅರ್ಥ. ಅಂಥ ಚಿಮಣಿ ಕೆಳಗೆ ನಿಂತು ಸೆಲ್ಫಿ ತಕ್ಕೋಬೇಡ.

ಕಾಗಿಣಾ ದಂಡೆ (ಶಹಾಬಾದ್)
ಚಿಮಣಿ ಚಿಮಣಿ ಅಂತ ಎಲ್ಲರೂ ಮೇಲೆ ನೋಡ್ತೀರಿ. ಒಂದ್ಸಲ ಕೆಳಗೂ ನೋಡಿ. ನೀವು ನಿಂತಿರೋ ಫರಸಿ ಕಲ್ಲು ನಮ್ಮ ಊರದ್ದು.

ಶಹಾಬಾದಿಗೆ ಬನ್ನಿ. ಮುಂಬೈನಿಂದ ರಾಯಚೂರಿನ ತನಕ ರೈಲು ಹಾದಿ ಮುಗಿದದ್ದು 1871ರಲ್ಲಿ. ವಾಡಿಯಿಂದ ಹೈದರಾಬಾದ್ ಕಡೆಗೆ ನಿಜಾಮರ ರೈಲು 1874ರಲ್ಲಿ. ಅಲ್ಲಿಂದ ಮುಂದೆ ನಮ್ಮ ಕಲ್ಲು ದೂರದೂರಿಗೆ ಹೋಗೋಕೆ ಶುರುವಾಯಿತು. ಕಲ್ಲಿನ ಹಿಂದೆ ಸಿಮೆಂಟ್ ಬಂತು, ಎರಡಕ್ಕೂ ಮೂಲ ಇದೇ ಸುಣ್ಣದ ಕಲ್ಲು. 1936ರಲ್ಲಿ ಹತ್ತು ಕಂಪನಿ ಕೂಡಿ ಎಸಿಸಿ ಅನ್ನೋ ಸಿಮೆಂಟ್ ಕಂಪನಿ ಆಯಿತಲ್ಲ, ಆ ಹತ್ತರಲ್ಲಿ ಶಹಾಬಾದ್ ಸಿಮೆಂಟ್ ಕಂಪನಿನೂ ಒಂದು. ಆಮೇಲೆ ಬಾಯ್ಲರ್ ಮಾಡುವ ಕಾರ್ಖಾನೆನೂ ಬಂತು. ನಮ್ಮ ಮನೆಯಲ್ಲಿ ಮೂರು ತಲೆಮಾರಿನವರು ಕಾರ್ಖಾನೆಯ ಭೋಂಗಾ (ಸೈರನ್) ಕೇಳಿ ಎದ್ದವರು.

ನನ್ನ ಪ್ರಕಾರ ಇಲ್ಲಿ ತೆಗೆಯಬೇಕಾದ್ದು ಕಾರ್ಖಾನೆ ಗೇಟಲ್ಲ. ಊರೇ ಹೇಗೆ ಕಲ್ಲಿನಿಂದ ಕಟ್ಟಿದ್ದಾರೆ ಅನ್ನೋದು. ಹಲಗೆಯಂಥ ಕಲ್ಲನ್ನು ನಿಲ್ಲಿಸಿ ಹೊಲಕ್ಕೆ ಬೇಲಿ ಮಾಡಿರ್ತಾರೆ. ಅದೇ ಕಲ್ಲು ಮನೆಗೆ ಮಾಳಿಗೆ, ಹೋಟೆಲಿಗೆ ಮೇಜು, ಬಸ್‌ಸ್ಟಾಪಿಗೆ ಬೆಂಚು, ಬಚ್ಚಲಿಗೆ ಗೋಡೆ. ಗಣಿಯಲ್ಲಿ ಪದರ ಪದರವಾಗಿ ಬಿಡಿಸಿದ ಗೋಡೆ ಮೇಲೆ ಬೆಳಿಗ್ಗೆ ಓರೆ ಬಿಸಿಲು ಬಿದ್ದರೆ ಪ್ರತಿ ಪದರದ ಕೆಳಗೆ ಒಂದು ಕರಿ ಗೆರೆ ಬರುತ್ತೆ. ಬಣ್ಣ ಕೂಡ ಒಂದೇ ಇರಲ್ಲ. ಬೂದಿ, ತಿಳಿ ನೀಲಿ, ಕೆಲವು ಕಡೆ ಹಳದಿ.

ನೀರು ತುಂಬಿದ ಗಣಿ ಅಂಚಿಗೆ ಹೋಗಬೇಡಿ. ಅಂಚಿನ ಕಲ್ಲು ಸಡಿಲ ಇರುತ್ತೆ, ಕೆಳಗೆ ಆಳ ಎಷ್ಟು ಅಂತ ಯಾರಿಗೂ ಅಂದಾಜಿಲ್ಲ. ಇದನ್ನ ತಮಾಷೆಗೆ ಹೇಳ್ತಿಲ್ಲ.

ರಾತ್ರಿ ಪಾಳಿ
ನಾನಂತೂ ಎಲ್ಲ ಕಪ್ಪು ಬಿಳುಪು ಮಾಡ್ತೀನಿ. ಹಳೇ ಮಿಲ್ಲಿಗೆ ಅದೇ ಚೆಂದ. ತಂತಿ, ಫ್ಲೆಕ್ಸ್, ಟಾಟಾ ಏಸ್ ಎಲ್ಲ ಈಗ ಒಂದು ಬಟನ್ ಒತ್ತಿದರೆ ಮಾಯ. ನೂರು ವರ್ಷ ಹಿಂದೆ ಹೋದ ಹಾಗೆ.

ಕಾಗಿಣಾ ದಂಡೆ (ಶಹಾಬಾದ್)
ನೂರು ವರ್ಷ ಹಿಂದೆ ಅಲ್ಲಿ ಹೊಗೆ ಇತ್ತು ಅಣ್ಣಾ, ಜನ ಇದ್ದರು, ಸೈಕಲ್ ಸಾಲು ಇತ್ತು. ನೀವು ತೋರಿಸೋ ಖಾಲಿ ಜಾಗ ಯಾವ ಕಾಲದಲ್ಲೂ ಇರಲಿಲ್ಲ. ಕಪ್ಪು ಬಿಳುಪಿಗೆ ನನ್ನ ತಕರಾರಿಲ್ಲ. ಅಳಿಸುವುದಕ್ಕೆ ತಕರಾರಿದೆ. ಚಿಮಣಿಗೆ ಒರಗಿಕೊಂಡು ಕೋಚಿಂಗ್ ಸೆಂಟರ್ ಫ್ಲೆಕ್ಸ್ ಇದೆಯಲ್ಲ, ಅದೇ ಈ ಊರಿನ ಕಥೆ. ಮಿಲ್ಲಿನ ಕೆಲಸ ಹೋಯಿತು, ಮಕ್ಕಳು ಪರೀಕ್ಷೆ ಬರೀತಿದ್ದಾರೆ.

ರಾತ್ರಿ ಪಾಳಿ
ಅಕ್ಕಾ, ಗೋಡೆಗೆ ಹಾಕುವ ಫೋಟೊಗೂ ದಾಖಲೆಗೂ ವ್ಯತ್ಯಾಸ ಇದೆ ಅಲ್ವಾ? ನಾನು ಪತ್ರಿಕೆಗೆ ಕೊಡ್ತಿಲ್ಲ.

ಮೂರುಕಾಲಿ
ಇಬ್ಬರ ಮಾತೂ ನಡೆಯುತ್ತೆ, ಒಂದು ಷರತ್ತಿನ ಮೇಲೆ. ಮೂಲ ಫೈಲ್ ಎತ್ತಿಡಿ, ಅಳಿಸಿದ್ದನ್ನು ಅಳಿಸಿದ್ದು ಅಂತ ಬರೆಯಿರಿ. ಇಪ್ಪತ್ತು ವರ್ಷ ಆದ ಮೇಲೆ ಯಾರೋ ಆ ಫೋಟೊ ನೋಡಿ "ಆಗ ಇಲ್ಲಿ ರಸ್ತೆನೇ ಇರಲಿಲ್ಲ" ಅಂದುಕೊಳ್ಳಬಾರದು.

ಜರ್ಮನಿಯಲ್ಲಿ ಬೆರ್ಂಡ್ ಮತ್ತು ಹಿಲ್ಲಾ ಬೆಖರ್ ಅಂತ ಗಂಡ ಹೆಂಡತಿ ಇದ್ದರು. 1959ರಿಂದ ದಶಕಗಟ್ಟಲೆ ನೀರಿನ ಟ್ಯಾಂಕು, ಕುಲುಮೆ, ಗಣಿಯ ಗೋಪುರ ಇವನ್ನೇ ತೆಗೆದರು. ದೊಡ್ಡ ಪ್ಲೇಟಿನ ಕ್ಯಾಮೆರಾ, ಕಪ್ಪು ಬಿಳುಪು, ಎದುರಿನಿಂದ ನೆಟ್ಟಗೆ, ಮೋಡದ ದಿನ ಮಾತ್ರ. ಆಮೇಲೆ ಒಂದೇ ಜಾತಿಯವನ್ನು ಸಾಲಾಗಿ ಜೋಡಿಸಿ ಇಡ್ತಿದ್ದರು. ಬಿಸಿಲನಾಡು ಅವರಿಗೆ "ಎಲ್ಲ ಒಂದೇ ಥರ" ಅಂತ ಬೇಜಾರು. ಅವರಿಬ್ಬರು ಒಂದೇ ಥರ ತೆಗೆದು ತೆಗೆದೇ ಒಂದೊಂದೂ ಹೇಗೆ ಬೇರೆ ಅಂತ ತೋರಿಸಿದರು.

ಬಿಸಿಲನಾಡು
ಮೋಡದ ದಿನ ಮಾತ್ರ ಅಂದರೆ ನಾನು ವರ್ಷದಲ್ಲಿ ಎರಡು ತಿಂಗಳು ಕೆಲಸ ಮಾಡಿ ಉಳಿದದ್ದು ಮನೇಲಿ ಕೂತಿರಬೇಕು. 😄 ಕಲಬುರಗಿ ಬಿಸಿಲಿಗೆ ಏನು ಮಾಡೋದು ಹೇಳಿ.

ಮೂರುಕಾಲಿ
ಬಿಸಿಲಿನ ಲೆಕ್ಕ ತಿಳಿದುಕೊಂಡರೆ ಅದೇ ಕೆಲಸಕ್ಕೆ ಬರುತ್ತೆ. ಕಲಬುರಗಿ ಇರೋದು ಸುಮಾರು 17.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ 10ರ ಆಸುಪಾಸು, ಆಗಸ್ಟ್ 3ರ ಆಸುಪಾಸು ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ. ಆಗ ಗೋಡೆಗೆ ಬೆಳಕೇ ಬೀಳಲ್ಲ, ಜಾರಿ ಹೋಗುತ್ತೆ. ಡಿಸೆಂಬರಿನಲ್ಲಿ ನಡು ಮಧ್ಯಾಹ್ನಕ್ಕೂ ಸೂರ್ಯ ಸುಮಾರು 50 ಡಿಗ್ರಿ ಎತ್ತರದಲ್ಲೇ ಇರ್ತಾನೆ. ಇಡೀ ದಿನ ಓರೆ ಬೆಳಕು. ಇಟ್ಟಿಗೆಯ ಸಂದು, ಗಚ್ಚಿನ ಉಬ್ಬು, ಕಿತ್ತ ಪ್ಲಾಸ್ಟರ್ ಎಲ್ಲ ಎದ್ದು ಕಾಣುತ್ತೆ.

ಆದರೆ ಬಹಳ ಜನ ಗಮನಿಸದ ಒಂದು ವಿಷಯ ಇದೆ. ಚಳಿಗಾಲದಲ್ಲಿ ಉತ್ತರಕ್ಕೆ ಮುಖ ಮಾಡಿದ ಗೋಡೆಗೆ ಬಿಸಿಲೇ ಇಲ್ಲ. ಮೇ ನಡುವಿನಿಂದ ಜುಲೈ ಕೊನೆ ತನಕ ಸೂರ್ಯ ನಮ್ಮ ಉತ್ತರಕ್ಕೆ ಇರ್ತಾನೆ. ಉತ್ತರದ ಗೋಡೆ ಬೆಳಗುವುದು ಆಗ. ಹತ್ತಿ ಮಿಲ್ಲುಗಳ ಗರಗಸದ ಹಲ್ಲಿನಂಥ ಛಾವಣಿ ನೋಡಿದ್ದೀರಲ್ಲ? ಅದರ ಗಾಜು ಉತ್ತರಕ್ಕೇ ಇಟ್ಟಿರ್ತಾರೆ. ನೇರ ಬಿಸಿಲು ಒಳಗೆ ಬಂದರೆ ಸೆಖೆ, ಗಾಳಿ ಒಣಗಿದರೆ ನೂಲು ಹರಿಯುತ್ತೆ. ಅಂಥ ಛಾವಣಿ ತೆಗೆಯಬೇಕಾದರೆ ಜೂನ್ ಬೆಳಿಗ್ಗೆ ಹೋಗಿ, ಒಂದು ಮಳೆ ಬಿದ್ದು ಧೂಳು ಕೂತ ಮೇಲೆ.

ಏಪ್ರಿಲ್, ಮೇನಲ್ಲಿ ದೂರದಿಂದ ಟೆಲಿ ಲೆನ್ಸ್ ಹಾಕಬೇಡಿ. ನೆಲದ ಕಾವಿಗೆ ಗಾಳಿ ನಡುಗುತ್ತೆ. ಎಷ್ಟು ಒಳ್ಳೆ ಲೆನ್ಸ್ ಇದ್ದರೂ ಚಿತ್ರ ಮೆತ್ತಗೆ ಬರುತ್ತೆ. ಬೆಳಿಗ್ಗೆ ಎಂಟರೊಳಗೆ ಮುಗಿಸಿ.

ಗಂಜ್ ಓಣಿ (ಕಲಬುರಗಿ)
ನಮ್ಮ ಮನೆತನದ್ದು ದಾಲ್ ಮಿಲ್, ಅದಕ್ಕೇ ಈ ಕಡೆ ತಲೆ ಹಾಕಿದೆ. ಹೆರಿಟೇಜ್ ಅಂದರೆ ಸತ್ತದ್ದೇ ಆಗಬೇಕಾ? ನಡೆಯುತ್ತಿರೋ ಹಳೇ ಮಿಲ್ಲುಗಳು ಬೇಕಾದಷ್ಟಿವೆ. ನಮ್ಮ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಬಂದಾಗ ಪೇಪರಲ್ಲಿ ಹೊಲದ ಫೋಟೊ ಬಂತು, ಮಿಲ್ಲಿನ ಒಂದೂ ಬರಲಿಲ್ಲ.

ಏನು ನೋಡಬೇಕು ಹೇಳ್ತೀನಿ. ತೊಗರಿ ಮೊದಲು ಜರಡಿಗೆ ಹೋಗುತ್ತೆ. ಆಮೇಲೆ ಎಮರಿ ಕಲ್ಲು ಮೆತ್ತಿದ ರೋಲರಿನಲ್ಲಿ ಸಿಪ್ಪೆಗೆ ಸಣ್ಣಗೆ ಗೀರು ಹಾಕ್ತಾರೆ. ಎಣ್ಣೆ ಸವರಿ ರಾಶಿ ಹಾಕಿ ಇಡ್ತಾರೆ, ಗೀರಿನಿಂದ ಎಣ್ಣೆ ಒಳಗೆ ಇಳಿದು ಸಿಪ್ಪೆ ಸಡಿಲ ಆಗುತ್ತೆ. ಆಮೇಲೆ ಅಂಗಳದಲ್ಲಿ ಬಿಸಿಲಿಗೆ. ಈಗ ಡ್ರೈಯರ್ ಬಂದಿವೆ, ಆದರೆ ಹಳೇ ಮಿಲ್ಲುಗಳಲ್ಲಿ ಅಂಗಳವೇ ಡ್ರೈಯರ್. ಹೆಣ್ಣುಮಕ್ಕಳು ಸೀರೆ ಮೇಲೆ ಗಂಡಸರ ಅಂಗಿ ತೊಟ್ಟು, ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ಕಾಲು ಎಳೆದುಕೊಂಡು ತೊಗರಿ ಮೇಲೆ ನಡೀತಾರೆ. ಕಾಳು ಮಗುಚಬೇಕಲ್ಲ. ಅವರು ನಡೆದ ಕಡೆ ಉದ್ದಕ್ಕೆ ಸಾಲು ಬೀಳುತ್ತೆ. ಸಂಜೆ ನಾಲ್ಕೂವರೆ ಬಿಸಿಲಿಗೆ ಮಾಳಿಗೆ ಮೇಲಿಂದ ನೋಡಿದರೆ ಇಡೀ ಅಂಗಳಕ್ಕೆ ಗೆರೆ ಎಳೆದಂತೆ ಇರುತ್ತೆ. ಡಿಸೆಂಬರಿನಿಂದ ಮಾರ್ಚ್ ತನಕ ಬನ್ನಿ, ಹೊಸ ತೊಗರಿ ಬರುವ ಕಾಲ.

ಒಳಗೆ ಲೆನ್ಸ್ ಬದಲಾಯಿಸಬೇಡಿ. ಹೊಟ್ಟಿನ ಧೂಳು ಸೆನ್ಸರಿಗೆ ಹೋದರೆ ಕಥೆ ಮುಗೀತು. ಮಷಿನ್ನಿನ ಪಟ್ಟಾ ಓಡುವ ಕಡೆ ಕುತ್ತಿಗೆಯಲ್ಲಿ ಕ್ಯಾಮೆರಾ ಬೆಲ್ಟ್ ನೇತಾಡಿಸಿಕೊಂಡು ಹೋಗಬೇಡಿ. ಆ ಹೆಣ್ಣುಮಕ್ಕಳನ್ನು ಕೇಳದೆ ಮುಖ ತೆಗೆಯಬೇಡಿ. ದಿನಗೂಲಿಗೆ ಬಂದವರು, ಎಲ್ಲರಿಗೂ ವಾಟ್ಸಾಪಲ್ಲಿ ಕಾಣಿಸಿಕೊಳ್ಳುವ ಆಸೆ ಇರಲ್ಲ.

ಬಿಸಿಲನಾಡು
ಒಳಗೆ ಬಿಡಬೇಕಲ್ಲ ಸಾಹುಕಾರರೆ! ಒಂದು ಕಡೆ ಗೇಟಿನ ಹೊರಗೆ, ರಸ್ತೆ ಮೇಲೆ ನಿಂತಿದ್ದೆ. ವಾಚ್‌ಮನ್ ಬಂದು ಫೋನ್ ಕಿತ್ತುಕೊಂಡು, ಎಲ್ಲ ಡಿಲೀಟ್ ಮಾಡಿಸಿ ಕಳಿಸಿದ. ಯಾವ ಫ್ಯಾಕ್ಟರಿ ಅಂತ ಹೇಳಲ್ಲ, ಪಾಪ ಅವನ ಕೆಲಸ.

ಗಂಜ್ ಓಣಿ (ಕಲಬುರಗಿ)
ಖಂಡೆ ಪೂಜೆ (ಆಯುಧ ಪೂಜೆ) ದಿನ ಬನ್ನಿ. ಇದನ್ನ ಯಾರೂ ಹೇಳಿಕೊಡಲ್ಲ, ನಾನು ಹೇಳ್ತಿದ್ದೀನಿ. ಅವತ್ತು ಮಿಲ್ ನಿಂತಿರುತ್ತೆ, ಮಷಿನ್ ತೊಳೆದು ಚೆಂಡು ಹೂ ಹಾಕಿರ್ತಾರೆ, ಗೇಟ್ ತೆರೆದಿರುತ್ತೆ, ಮಾಲೀಕರು ಒಳ್ಳೆ ಮೂಡಲ್ಲಿ ಇರ್ತಾರೆ. ಪ್ರಸಾದ ತಗೊಂಡು, "ಕಾಕಾ, ಈ ಮಷಿನ್ ಯಾವಾಗ ತಂದದ್ದು?" ಅಂತ ಕೇಳಿ. ಅವರೇ ಕೈ ಹಿಡಿದು ತೋರಿಸ್ತಾರೆ. ಫೋಟೊ ಪ್ರಿಂಟ್ ಹಾಕಿಸಿ ಒಂದು ಕೊಟ್ಟು ಬನ್ನಿ, ಮುಂದಿನ ಸಲ ಯಾವ ವಾಚ್‌ಮನ್ನೂ ತಡೆಯಲ್ಲ.

ಕಪ್ಪು ಕೋಟು
ವಾಚ್‌ಮನ್ ವಿಷಯಕ್ಕೆ ಎರಡು ಮಾತು. ರಸ್ತೆಯಿಂದ ಕಾಣುವ ಕಟ್ಟಡದ ಫೋಟೊ ತೆಗೆದು ಹಂಚಿಕೊಂಡರೆ ಕಾಪಿರೈಟ್ ತೊಂದರೆ ಇಲ್ಲ, 1957ರ ಕಾಯ್ದೆಯ 52ನೇ ಕಲಮಿನಲ್ಲೇ ಕಟ್ಟಡಕ್ಕೆ ಆ ಸಡಿಲಿಕೆ ಇದೆ. ಆದರೆ ಕಾಂಪೌಂಡ್ ದಾಟಿದರೆ ಅದು ಬೇರೆ ವಿಷಯ, ಅನುಮತಿ ಬೇಕೇ ಬೇಕು. ಮಿಲ್ಲು ಪಾಳು ಬಿದ್ದಿದೆ ಅಂದ ಮಾತ್ರಕ್ಕೆ ಮಾಲೀಕರಿಲ್ಲ ಅಂತ ಅಲ್ಲ. ರೈಲ್ವೆ ಜಾಗದಲ್ಲಿ ಸ್ಟೇಷನ್ ಮಾಸ್ತರರನ್ನು ಮೊದಲು ಕೇಳಿ.

ಕೋಟೆ ಓಣಿ (ಬೀದರ್)
ಬೀದರಿಗೆ ಬರೋರು ಡ್ರೋನ್ ಮನೇಲೇ ಬಿಟ್ಟು ಬನ್ನಿ. ಏರ್‌ಫೋರ್ಸ್ ಸ್ಟೇಷನ್ ಇದೆ. ಕಲಬುರಗಿಯಲ್ಲೂ 2019ರಿಂದ ವಿಮಾನ ನಿಲ್ದಾಣ ಶುರುವಾಗಿದೆ, ಹಾರಿಸುವ ಮೊದಲು ಸರ್ಕಾರದ ಡಿಜಿಟಲ್ ಸ್ಕೈ ಡ್ರೋನ್ ನಕ್ಷೆಯಲ್ಲಿ ಕೆಂಪು ವಲಯ (ಅನುಮತಿ ಇಲ್ಲದೆ ಹಾರಿಸಬಾರದ ಜಾಗ) ನೋಡಿಕೊಳ್ಳಿ.

ನಮ್ಮಲ್ಲಿ ಕಬ್ಬಿನ ಫ್ಯಾಕ್ಟರಿ ಚಿಮಣಿ ಇವೆ, ಉಕ್ಕಿನವು, ಹೊಸವು. ಹಳೇ ಉದ್ಯಮ ಬೇಕು ಅಂದರೆ ಬಿದ್ರಿ ಕೆಲಸದ ಓಣಿಗೆ ಬನ್ನಿ. ಎರಕ ಹೊಯ್ಯುವ ಮೂಲೆ, ಹೊಗೆ ಹಿಡಿದ ಗೋಡೆ, ನೆಲಕ್ಕೆ ಕೂತು ಉಳಿ ಹಿಡಿದ ಕೈ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದು, ಬೆಳ್ಳಿ ಕೂರಿಸಿ, ಕೊನೆಗೆ ಕೋಟೆ ಮಣ್ಣು ಕಲಸಿದ ಬಿಸಿ ದ್ರಾವಣ ಹಚ್ಚಿದರೆ ಮೈ ಕಪ್ಪಾಗುತ್ತೆ, ಬೆಳ್ಳಿ ಹಾಗೇ ಉಳಿಯುತ್ತೆ. ಆ ಕಪ್ಪಾಗುವ ಗಳಿಗೆ ತೆಗೆದರೆ ನಿಮಗೆ ಕಪ್ಪು ಬಿಳುಪು ಫಿಲ್ಟರೇ ಬೇಡ, ರಾತ್ರಿ ಪಾಳಿ ಅಣ್ಣಾ.

ಹತ್ತಿ ಸಂತೆ (ಯಾದಗಿರಿ)
ಯಾದಗಿರಿ, ಶಹಾಪುರ ಕಡೆ ಜಿನ್ನಿಂಗ್ (ಹತ್ತಿಯಿಂದ ಬೀಜ ಬೇರೆ ಮಾಡೋದು) ನೋಡಬೇಕಾದರೆ ನವೆಂಬರಿನಿಂದ ಫೆಬ್ರವರಿ. ಹತ್ತಿ ಗಾಡಿ ಸಾಲು ನಿಂತಿರುತ್ತೆ. ಒಳಗೆ ಅರಳೆ ಹಾರಾಡುತ್ತಾ ಗೋಡೆ, ಜೇಡರ ಬಲೆ, ಕೆಲಸದವರ ರೆಪ್ಪೆ ಎಲ್ಲ ಬೆಳ್ಳಗಾಗಿರುತ್ತೆ. ಅರಳೆಯನ್ನು ಒತ್ತಿ ಅಂಡಿಗೆ (ಬೇಲ್) ಕಟ್ಟಿ ಸಾಲಾಗಿ ಇಟ್ಟಿರ್ತಾರೆ, ಒಂದೊಂದು 170 ಕಿಲೊ. ಅಲ್ಲಿ ಬೆಂಕಿ ಅಂದರೆ ಪ್ರಾಣಭಯ. ಬೀಡಿ ಸಿಗರೇಟ್ ಗೇಟಿನ ಹೊರಗೆ. ಬೆಳ್ಳಗಿನ ಹತ್ತಿ ನೋಡಿ ಕ್ಯಾಮೆರಾ ಮೋಸ ಹೋಗುತ್ತೆ, ಫೋಟೊ ಮಂಕಾಗಿ ಬರುತ್ತೆ. ಎಕ್ಸ್‌ಪೋಷರ್ ಒಂದು ಸ್ಟಾಪ್ ಜಾಸ್ತಿ ಇಡಿ.

ಫಿಟ್ಟರ್ ಕಾಕಾ (ವಾಡಿ)
ಎಂಎಸ್‌ಕೆ ಮಿಲ್ ಬಗ್ಗೆ ತಮ್ಮ ಶುರುವಿನಲ್ಲಿ ಬರೆದಿದ್ದ. ಮೆಹಬೂಬ್ ಶಾಹಿ ಕುಲ್ಬರ್ಗಾ ಮಿಲ್ಲು ಅದು, ಆರನೇ ನಿಜಾಮ ಮೀರ್ ಮೆಹಬೂಬ್ ಅಲಿ ಖಾನರ ಕಾಲದ್ದು, 1880ರ ದಶಕ. 1974ರಲ್ಲಿ ದೇಶದ ಎಷ್ಟೋ ನಷ್ಟದ ಮಿಲ್ಲು ಸರ್ಕಾರದ ಕೈಗೆ ಹೋದವಲ್ಲ, ಇದೂ ಆ ಪಟ್ಟಿಯಲ್ಲಿತ್ತು. ಆಮೇಲೆ ನಿಂತೇ ಹೋಯಿತು.

ಆ ಏರಿಯಾದಲ್ಲಿ ಮಿಲ್ಲಿನಲ್ಲಿ ದುಡಿದವರ ಮನೆಗಳಿವೆ. ಪೆಟ್ಟಿಗೆಯಲ್ಲಿ ಗೇಟ್ ಪಾಸ್, ಪಗಾರ ಚೀಟಿ, ಯೂನಿಯನ್ ರಸೀದಿ ಇಟ್ಟಿರ್ತಾರೆ. ಗ್ರೂಪ್ ಫೋಟೊ ಇರುತ್ತೆ, ಹಿಂದೆ ಮಿಲ್ಲಿನ ಗೋಡೆ ಕಾಣುತ್ತೆ. ಅವನ್ನೂ ತೆಗಿ. ಕಿಟಕಿ ಹತ್ತಿರ ಇಟ್ಟು, ಫ್ಲ್ಯಾಶ್ ಹಾಕದೆ. ಜಾಬರ್ (ಮೇಸ್ತ್ರಿ) ಯಾರು, ಯಾವ ಖಾತೆಯಲ್ಲಿ ಕೆಲಸ, ಯಾವ ಪಾಳಿ ಅಂತ ಕೇಳಿ ಬರೆದುಕೋ. ಕಟ್ಟಡ ಹೋದ ಮೇಲೆ ಮಿಲ್ಲು ಉಳಿದಿರೋದು ಆ ಪೆಟ್ಟಿಗೆಗಳಲ್ಲೇ.

ಕಪ್ಪು ಕೋಟು
ಕಾಕಾ ಹೇಳಿದ್ದು ನಿಜ್ನಿ ತಾಗಿಲ್ ಸನ್ನದಿನಲ್ಲೂ ಇದೆ. 2003ರಲ್ಲಿ ರಷ್ಯಾದಲ್ಲಿ ಕೈಗಾರಿಕಾ ಪರಂಪರೆಗೆ ಅಂತಲೇ ಮಾಡಿದ ಸನ್ನದು ಅದು. ಕಟ್ಟಡ ಮುಟ್ಟುವ ಮೊದಲು ದಾಖಲೆ ಮಾಡಿ, ದುಡಿದವರ ನೆನಪನ್ನೂ ಸೇರಿಸಿ ಅನ್ನುತ್ತೆ. ನಮ್ಮಲ್ಲಿ ಕೇಂದ್ರದ ಸಂರಕ್ಷಿತ ಸ್ಮಾರಕಗಳ ಪಟ್ಟಿಯಲ್ಲಿರೋ ಕೋಟೆ, ಮಸೀದಿಗೆ 100 ಮೀಟರ್ ಒಳಗೆ ಕಟ್ಟಬಾರದು ಅನ್ನೋ ಕಾನೂನಿದೆ. ಆ ಪಟ್ಟಿಯಲ್ಲಿ ಇಲ್ಲದ ಮಿಲ್ಲಿಗೆ ಅದು ಅನ್ವಯಿಸಲ್ಲ. ಹಾಗಾಗಿ ಬಹಳ ಸಲ ಉಳಿಯೋದು ಫೋಟೊ ಮಾತ್ರ.

ಕಾಗಿಣಾ ದಂಡೆ (ಶಹಾಬಾದ್)
ಹಾಗಿದ್ದರೆ ಪ್ರತಿ ಫೋಟೊಗೆ ತಾರೀಖು, ಊರು, ಎಲ್ಲಿ ನಿಂತು ಯಾವ ದಿಕ್ಕಿಗೆ ತೆಗೆದದ್ದು, ಇಷ್ಟಾದರೂ ಬರೆಯೋಣ. ವಿಕಿಮೀಡಿಯಾ ಕಾಮನ್ಸಿಗೆ ಹಾಕಿದರೆ ಕಳೆದುಹೋಗಲ್ಲ. ಆದರೆ ಒಳಗೆ ಎರಕದ ಕಬ್ಬಿಣದ ಕಂಬ, ಹಳೇ ಮಷಿನ್ ಇದ್ದರೆ ಜಿಪಿಎಸ್ ತೆಗೆದುಹಾಕಿ. ಗುಜರಿಯವರೂ ಇಂಟರ್‌ನೆಟ್ ನೋಡ್ತಾರೆ.

ರಾತ್ರಿ ಪಾಳಿ
ಸರಿ ಅಕ್ಕಾ, ಸೋತೆ ಅಂತಲ್ಲ, ಆದರೆ ಇನ್ನು ಮುಂದೆ ಎರಡೆರಡು ಹಾಕ್ತೀನಿ. ಒಂದು ಫ್ಲೆಕ್ಸ್ ಸಹಿತ, ಒಂದು ನನ್ನ ಖುಷಿಗೆ.

ಬಿಸಿಲನಾಡು
ಡಿಸೆಂಬರಿನಲ್ಲಿ ಒಂದು ಭಾನುವಾರ ಶಹಾಬಾದಿಗೆ ಹೋಗೋಣವಾ? ಬೆಳಗಿನ ರೈಲಿಗೆ ಹೋದರೆ ಓರೆ ಬಿಸಿಲಿಗೆ ಗಣಿ ಸಿಗುತ್ತೆ, ಮಧ್ಯಾಹ್ನಕ್ಕೆ ಊರೊಳಗೆ. ಸಂಜೆ ಗಂಜ್ ಅಣ್ಣನ ಅಂಗಳ, ಅವರು ಬಿಟ್ಟರೆ.

ಗಂಜ್ ಓಣಿ (ಕಲಬುರಗಿ)
ಭಾನುವಾರ ನಮ್ಮ ಕಡೆ ಕೆಲಸ ಕಮ್ಮಿ, ಅಂಗಳ ಖಾಲಿ ಇರಬಹುದು. ಶನಿವಾರ ಮಾಡಿ.

ಫಿಟ್ಟರ್ ಕಾಕಾ (ವಾಡಿ)
ಶನಿವಾರ ಆದರೆ ನಾನು ವಾಡಿಯಿಂದ ಬಂದು ಶಹಾಬಾದ್ ಸ್ಟೇಷನ್ನಿನಲ್ಲಿ ಕೂಡ್ಕೊಳ್ತೀನಿ. ಮೊಣಕಾಲು ನೋವಿದೆ, ಗಣಿ ಇಳಿಸಬೇಡಿ. ಯಾರಾದರೂ ಒಂದು ಟೇಪು ತನ್ನಿ, ಇಟ್ಟಿಗೆ ಅಳತೆ ತಗೊಳ್ಳೋಣ.